ನಟನ ಹಿಂದೆ ನಿಂತ ಏಜೆಂಟ್

ಹಾಲಿವುಡ್‌ನಲ್ಲಿ ಒಂದು ಕಾಲಕ್ಕೆ ಅಭಿನಯ ಕಲಿಸುವುದೂ ಪಾತ್ರ ಕೊಡುವುದೂ ಸ್ಟುಡಿಯೋಗಳೇ. ಏಳು ವರ್ಷದ ಕರಾರಿಗೆ ಸಹಿ ಹಾಕಿದ ನಟ ಪಾತ್ರ ನಿರಾಕರಿಸಿದರೆ, ಕೆಲಸವಿಲ್ಲದ ದಿನಗಳು ಕರಾರಿಗೆ ಸೇರುತ್ತಿದ್ದವು. ಇದರ ವಿರುದ್ಧ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಹೂಡಿದ ಮೊಕದ್ದಮೆಯಲ್ಲಿ 1944ರ ಮೇಲ್ಮನವಿ ತೀರ್ಪು, ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದಿತು.

ಸ್ಟುಡಿಯೋಗಳ ಹಿಡಿತ ಸಡಿಲಿದಂತೆ ಕಲಿಕೆ ಖಾಸಗಿ ತರಗತಿಗಳ ಪಾಲಾಯಿತು. ಅವಕಾಶ ಹುಡುಕುವುದು, ಸಂಭಾವನೆ ಕುದುರಿಸುವುದು ಏಜೆಂಟರ ಪಾಲಾಯಿತು. 1950ರ 'ವಿಂಚೆಸ್ಟರ್ 73' ಚಿತ್ರಕ್ಕೆ ಜೇಮ್ಸ್ ಸ್ಟೀವರ್ಟ್‌ಗೆ ಸಂಬಳದ ಬದಲು ಲಾಭದಲ್ಲಿ ಪಾಲು ಕೊಡಿಸಿದವರು ಏಜೆಂಟ್ ಲ್ಯೂ ವಾಸರ್‌ಮನ್.

ಅಲ್ಲಿ ಏಜೆಂಟನ ವಾಡಿಕೆಯ ಪಾಲು ಸಂಭಾವನೆಯ ಶೇ. 10, ಅದೂ ಕೆಲಸ ಸಿಕ್ಕ ಮೇಲೆ. ನೋಂದಣಿ ಶುಲ್ಕ ಕೇಳುವುದನ್ನು ಕ್ಯಾಲಿಫೋರ್ನಿಯಾದ ಕಾನೂನೇ ನಿಷೇಧಿಸಿದೆ. ತರಗತಿಗೆ ಮೊದಲೇ ಹಣ ಕಟ್ಟಬೇಕು, ನಿಜ. ಆದರೆ ಪಾತ್ರ ಕೊಡಿಸುವೆನೆಂದು ಮುಂಗಡ ಕೇಳುವವನಿಂದ ಹೊಸ ನಟರು ದೂರವಿರುವುದೇ ಲೇಸು.