ಕಣ್ಣಿನ ಆಕಾರವೂ ರೆಪ್ಪೆಯ ಶಸ್ತ್ರಚಿಕಿತ್ಸೆಯೂ

ಪೆರ್ಡೂರಿನ ಅನಂತಪದ್ಮನಾಭ ದೇವರ ಹೆಸರಿನಲ್ಲಿ ತಿರುಗಾಟ ನಡೆಸುವ ಯಕ್ಷಗಾನ ಮೇಳವನ್ನು ಕರಾವಳಿಯ ಜನರೆಲ್ಲ ಬಲ್ಲರು. ಇಂತಹ ಮೇಳದ ಚೌಕಿಯಲ್ಲಿ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವುದನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಸ್ತ್ರೀವೇಷದವನು ಕಪ್ಪುಗೆರೆಯನ್ನು ಕಡೆಗಣ್ಣಿನಿಂದಾಚೆಗೆ ಎಳೆದು ಕಣ್ಣನ್ನು ನೀಳವಾಗಿಸುತ್ತಾನೆ. ರಾಕ್ಷಸವೇಷದವನು ಕಣ್ಣಿನ ಸುತ್ತಲೂ ಬಣ್ಣ ಬಳಿದು ಅದನ್ನು ಹಿರಿದಾಗಿಸುತ್ತಾನೆ. ಇಬ್ಬರ ಕಣ್ಣುಗುಡ್ಡೆಯೂ ಇದ್ದಂತೆಯೇ ಇರುತ್ತದೆ. ವಯಸ್ಕರಲ್ಲಿ ಅದರ ಅಡ್ಡಳತೆ ಸುಮಾರು ೨೪ ಮಿಲಿಮೀಟರು. ಒಬ್ಬರಿಂದೊಬ್ಬರಿಗೆ ಇರುವ ಅಂತರ ಅಲ್ಪವೇ. ನಾವು ಕಣ್ಣಿನ ಆಕಾರವೆಂದು ಹೇಳುವುದು ಬಹುಮಟ್ಟಿಗೆ ರೆಪ್ಪೆಗಳ ಆಕಾರವನ್ನು, ಅವುಗಳಿಗೆ ಆಸರೆಯಾದ ಎಲುಬಿನ ಆಕಾರವನ್ನು.

ಮುಖದ ಬಣ್ಣ ಬೆಳಗಾದೊಡನೆ ತೊಳೆದು ಹೋಗುತ್ತದೆ. ಶಸ್ತ್ರವೈದ್ಯನ ಕೆಲಸ ಹಾಗಲ್ಲ. ಜೋಲುಬಿದ್ದ ರೆಪ್ಪೆಯ ಚರ್ಮವನ್ನು ಕತ್ತರಿಸಿ, ಉಬ್ಬಿದ ಕೊಬ್ಬನ್ನು ತೆಗೆದೋ ಸರಿಸಿಯೋ ರೆಪ್ಪೆಯನ್ನು ತಿದ್ದುವ ಚಿಕಿತ್ಸೆಗೆ ‘ಬ್ಲೆಫರೋಪ್ಲಾಸ್ಟಿ’ ಎಂದು ಹೆಸರು. ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ ೧೮೧೮ರಲ್ಲಿ ಈ ಹೆಸರನ್ನು ಬಳಸಿದನು. ಚಿಕಿತ್ಸೆ ಒಂದೇ, ವೈದ್ಯನೂ ಒಬ್ಬನೇ. ಆದರೂ ಒಬ್ಬರ ಮುಖಕ್ಕೆ ಗೆಲುವು ಬರುತ್ತದೆ, ಇನ್ನೊಬ್ಬರ ಕಣ್ಣು ಬೆದರಿದಂತೆ ಕಾಣುತ್ತದೆ. ಇದೇಕೆ?

ಮೊದಲು ರೆಪ್ಪೆಯ ರಚನೆಯನ್ನು ನೋಡೋಣ. ಅದರ ಚರ್ಮ ದೇಹದಲ್ಲಿಯೇ ಅತ್ಯಂತ ತೆಳುವಾದುದು. ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಚರ್ಮದ ಕೆಳಗೆ ಕಣ್ಣು ಮುಚ್ಚುವ ಉಂಗುರದಂತಹ ಸ್ನಾಯು, ಅದರ ಹಿಂದೆ ಕೊಬ್ಬು. ಮೇಲಿನ ರೆಪ್ಪೆಯನ್ನು ಎತ್ತುವುದಕ್ಕೆ ಬೇರೆಯೇ ಸ್ನಾಯುವುಂಟು. ಅದರ ಎಳೆಗಳು ಚರ್ಮಕ್ಕೆ ಅಂಟಿಕೊಂಡಲ್ಲಿ ಮಡಿಕೆ ಮೂಡುತ್ತದೆ. ಪೂರ್ವ ಏಷ್ಯದ ಅನೇಕರಲ್ಲಿ ಈ ಮಡಿಕೆ ಇರುವುದಿಲ್ಲ, ಇಲ್ಲವೆ ಬಹಳ ಕೆಳಗಿರುತ್ತದೆ. ಹೊಲಿಗೆಯಿಂದ ಮಡಿಕೆಯನ್ನು ಮೂಡಿಸುವ ಕ್ರಮವನ್ನು ಜಪಾನಿನ ವೈದ್ಯ ಮಿಕಾಮೊ ೧೮೯೬ರಲ್ಲಿ ಪ್ರಕಟಿಸಿದನು. ಒಬ್ಬರ ಮಡಿಕೆಯ ಎತ್ತರವನ್ನು ಇನ್ನೊಬ್ಬರ ಮುಖಕ್ಕೆ ಹಾಗೆಯೇ ಇಳಿಸಿದರೆ ಆ ಮುಖದ ಸಹಜತೆಯೇ ಕೆಡುತ್ತದೆ.

ಇನ್ನು ಕಣ್ಣುಗಳ ಬಗೆಗಳು. ಕೆಲವರ ಕಣ್ಣು ಎಲುಬಿನ ಗೂಡಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಇಂಥವರ ಮೇಲಿನ ರೆಪ್ಪೆಯಿಂದ ಕೊಬ್ಬನ್ನು ಧಾರಾಳವಾಗಿ ತೆಗೆದರೆ ಅಲ್ಲಿ ಹಳ್ಳ ಬಿದ್ದು, ಮುಖ ಇದ್ದುದಕ್ಕಿಂತ ಮುಪ್ಪಾಗಿ ತೋರುತ್ತದೆ. ಇನ್ನು ಕೆಲವರಲ್ಲಿ ಕಣ್ಣುಗುಡ್ಡೆ ಕೆನ್ನೆಯ ಎಲುಬಿಗಿಂತ ಮುಂದೆ ಚಾಚಿರುತ್ತದೆ. ಇವರ ಕೆಳರೆಪ್ಪೆಯ ವಿಷಯದಲ್ಲಿ ಬಲು ಎಚ್ಚರ ಬೇಕು. ಹೊಟ್ಟೆ ಮುಂದೆ ಬಂದವನು ಪಂಚೆಯನ್ನು ಎಷ್ಟು ಬಿಗಿದು ಉಟ್ಟರೂ ಅದು ಹೊಟ್ಟೆಯ ಕೆಳಕ್ಕೆ ಜಾರುವುದಷ್ಟೆ? ಕೆಳರೆಪ್ಪೆಯನ್ನು ಬಿಗಿದರೂ ಹಾಗೆಯೇ. ಅದು ಗುಡ್ಡೆಯ ಉಬ್ಬಿನಿಂದ ಕೆಳಗಿಳಿದು, ಕರಿಯಾಲಿಯ ಕೆಳಗೆ ಬಿಳುಪು ಕಾಣತೊಡಗುತ್ತದೆ.

ಸಾಮಾನ್ಯವಾಗಿ ಕಡೆಗಣ್ಣು ಮೂಗಿನ ಕಡೆಯ ಮೂಲೆಗಿಂತ ತುಸು ಮೇಲಿರುತ್ತದೆ. ಅದು ಹುಟ್ಟಿನಿಂದಲೇ ಕೆಳಗೆ ವಾಲಿದ್ದರೆ, ಅಥವಾ ವಯಸ್ಸಿನಿಂದ ರೆಪ್ಪೆಯ ಬಿಗಿ ಸಡಿಲಿದ್ದರೆ, ಚರ್ಮವನ್ನು ಕತ್ತರಿಸಿದ ಮಾತ್ರಕ್ಕೆ ಪ್ರಯೋಜನವಿಲ್ಲ; ಆ ಮೂಲೆಗೂ ಆಸರೆ ಕೊಡಬೇಕಾದೀತು. ವೈದ್ಯನು ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಬಿಡುವುದು ಇದನ್ನು ತಿಳಿಯಲೆಂದೇ. ಬಿಗಿಯಾದ ರೆಪ್ಪೆ ಚಟ್ಟನೆ ಸ್ವಸ್ಥಾನಕ್ಕೆ ಮರಳುತ್ತದೆ, ಸಡಿಲವಾದುದು ತಡಮಾಡುತ್ತದೆ. ಕೆಲವೊಮ್ಮೆ ಜೋಲಿದಂತೆ ತೋರುವ ರೆಪ್ಪೆಯ ದೋಷ ರೆಪ್ಪೆಯಲ್ಲಿಯೇ ಇರುವುದಿಲ್ಲ; ಕುಸಿದ ಹುಬ್ಬಿನಲ್ಲಿರುತ್ತದೆ, ಇಲ್ಲವೆ ಎತ್ತುವ ಸ್ನಾಯುವಿನ ದುರ್ಬಲತೆಯಲ್ಲಿರುತ್ತದೆ. ಅಲ್ಲಿ ಚರ್ಮ ತೆಗೆದರೆ ಕಾರಣ ಹಾಗೆಯೇ ಉಳಿಯುತ್ತದೆ.

ಇದು ಕೇವಲ ಅಂದಚೆಂದದ ಮಾತಲ್ಲ. ರೆಪ್ಪೆ ಪ್ರತಿ ಬಾರಿ ಮಿಟುಕಿದಾಗಲೂ ಕಣ್ಣೀರಿನ ತೆಳುಪೊರೆಯನ್ನು ಕಣ್ಣಿನ ಮೇಲೆ ಹರಡುತ್ತದೆ. ಚರ್ಮ ಕಡಿಮೆಯಾಗಿ ಕಣ್ಣು ಪೂರ್ಣವಾಗಿ ಮುಚ್ಚದಾದರೆ, ನಿದ್ರೆಯಲ್ಲಿಯೂ ಅದು ತೆರೆದಿದ್ದು ಒಣಗುತ್ತದೆ. ಮುಂಭಾಗದ ಪಾರದರ್ಶಕ ಪಟಲದಲ್ಲಿ ಹುಣ್ಣಾಗಿ ದೃಷ್ಟಿಗೇ ಕುಂದು ಬರಬಹುದು. ಆದುದರಿಂದಲೇ ಮೇಲಿನ ರೆಪ್ಪೆಯಲ್ಲಿ ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು ೨೦ ಮಿಲಿಮೀಟರು ಚರ್ಮ ಉಳಿಯಬೇಕೆಂದು ಇಂದಿನ ವೈದ್ಯರು ಕಲಿಯುತ್ತಾರೆ. ಎಷ್ಟು ಉಳಿಸಬೇಕೆಂಬ ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ರೋಗಕ್ಕೆ ಸುಶ್ರುತ ಸಂಹಿತೆಯು, ಹುಬ್ಬಿನ ಕೆಳಗೆ ಎರಡು ಭಾಗವನ್ನೂ ರೆಪ್ಪೆಗೂದಲಿನ ಬಳಿ ಒಂದು ಭಾಗವನ್ನೂ ಬಿಟ್ಟು, ನಡುವೆ ಜವೆಗೋಧಿಯ ಕಾಳಿನ ಆಕಾರದಲ್ಲಿ ಚರ್ಮವನ್ನು ತೆಗೆದು ಹೊಲಿಯಲು ಹೇಳುತ್ತದೆ.

ಪೆರ್ಡೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿಯೇ ಮಣಿಪಾಲವಿದೆ. ಅಲ್ಲಿ ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ತಜ್ಞವೈದ್ಯರ ಸಲಹೆ ಈ ಸೀಮೆಯವರಿಗೆ ಸಮೀಪದಲ್ಲಿಯೇ ದೊರೆಯುವಂತಾಗಿದೆ. ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನು ಬಯಸುವವರು ಮೊದಲು ಕಣ್ಣೀರು ಸಾಲದಾಗಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಇನ್ನೊಬ್ಬರ ಚಿತ್ರವನ್ನು ವೈದ್ಯನ ಮುಂದಿಡುವುದಕ್ಕಿಂತ, ತಮ್ಮದೇ ಎಳೆವಯಸ್ಸಿನ ಛಾಯಾಚಿತ್ರವನ್ನು ಒಯ್ಯುವುದು ಲೇಸು. ತಮ್ಮ ಕಣ್ಣು ಯಾವ ಬಗೆಯದು, ಎಷ್ಟು ತೆಗೆಯುವಿರಿ, ಎಷ್ಟು ಉಳಿಸುವಿರಿ ಎಂದು ಕೇಳಬೇಕು. ಉಳಿಸಿದ ಚರ್ಮವನ್ನು ಬೇಕಾದರೆ ಮುಂದೆಂದಾದರೂ ತೆಗೆಯಬಹುದು. ತೆಗೆದುದನ್ನು ಮರಳಿ ಕೂಡಿಸುವುದು ಬಹಳ ಕಷ್ಟ.