ಹಗಲು ಮಲಗುವವನನ್ನು ಸೋಮಾರಿ ಅನ್ನಬೇಡಿ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ಕನ್ನಡದ ಗಾದೆ. ‘ಆಕಲಿ ರುಚೆರುಗದು, ನಿದ್ರ ಸುಖಮೆರುಗದು’ ಎಂಬುದು ತೆಲುಗಿನ ಮಾತು. ಹಸಿವು ರುಚಿ ನೋಡೋದಿಲ್ಲ, ನಿದ್ದೆ ಹಾಸಿಗೆ ನೋಡೋದಿಲ್ಲ ಅಂತ ಅದರ ಅರ್ಥ. ಮಡಕಶಿರಾ ಸೀಮೆಯ ನಾವು ಎರಡನ್ನೂ ಆಡಿಕೊಂಡೇ ಬೆಳೆದವರು. ಆದರೆ ಎರಡು ಗಾದೆಗೂ ಒಗ್ಗದ ಸಂಕಟವೊಂದು ಈಗ ನಮ್ಮ ಮನೆಗಳಿಗೆ ಬಂದು ಕೂತಿದೆ. ಮೈ ದಣಿದಿದೆ, ಹಾಸಿಗೆ ಹಾಸಿದೆ, ನಿದ್ದೆ ಮಾತ್ರ ಬರೋದಿಲ್ಲ.

2019ರಲ್ಲಿ ಪೆನುಕೊಂಡದ ಬಳಿ ಕಾರು ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬಿಡಿಭಾಗ ಮಾಡುವ ಫ್ಯಾಕ್ಟರಿಗಳು ಎದ್ದವು. ಹಿಂದೂಪುರದ ಕಡೆಯೂ, ಗಡಿಯಾಚೆ ತುಮಕೂರಿನ ವಸಂತನರಸಾಪುರದಲ್ಲೂ ಕೆಲಸ ಸಿಗುತ್ತದೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಕಡೆಯ ಹುಡುಗರಿಗೆ ಮಳೆ ನಂಬಿದ ಕಡಲೆಕಾಯಿ ಹೊಲಕ್ಕಿಂತ ತಿಂಗಳ ಸಂಬಳವೇ ಗಟ್ಟಿ. ಆದರೆ ಸಂಬಳದ ಜೊತೆಗೇ ನೈಟ್ ಶಿಫ್ಟೂ ಬರುತ್ತದೆ.

ಹಾಗೆ ನೋಡಿದರೆ ಫ್ಯಾಕ್ಟರಿ ಹುಡುಗರಿಗಿಂತ ಮೊದಲೇ ಶಿಫ್ಟು ಕಂಡವರು ನಾವು ಬೋರ್‌ವೆಲ್ ರೈತರು. ತ್ರೀಫೇಸ್ ಕರೆಂಟು ಹಗಲೊಂದು ಕಂತು, ರಾತ್ರಿಯೊಂದು ಕಂತು ಬರುತ್ತಿದ್ದ ಕಾಲದಲ್ಲಿ ಟಾರ್ಚು ಹಿಡಿದು, ಹಾವಿಗೆ ಹೆದರಿ, ಮೋಟರಿನ ಸದ್ದಿಗೆ ಕಿವಿಗೊಟ್ಟು ರಾತ್ರಿ ಕಳೆದವರು ನಾವು. ಬೆಳಗಾದರೆ ಮತ್ತೆ ದನ, ಹೊಲ. ಮಂಡಿಗೆ ರಾತ್ರಿ ಲಾರಿ ಬಂದಾಗ ಸರಕು ಇಳಿಸಿಕೊಳ್ಳುವ ವ್ಯಾಪಾರಸ್ಥರ ಪಾಡೂ ಇದೇ.

ಮೈಯೊಳಗಿನ ಗಡಿಯಾರ

ರಾತ್ರಿ ಕೆಲಸ ಮಾಡಿ ಬಂದವನಿಗೆ ಹಗಲು ನಿದ್ದೆ ಯಾಕೆ ಹತ್ತೋದಿಲ್ಲ? ನಮ್ಮ ಮೆದುಳಿನಲ್ಲಿ ಒಂದು ಗಡಿಯಾರವಿದೆ. ಅದಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ಕತ್ತಲಾದರೆ ಮೆಲಟೋನಿನ್ ಎಂಬ ರಸ ಹೆಚ್ಚಿ ನಿದ್ದೆಗೆ ದಾರಿಯಾಗುತ್ತದೆ, ಬೆಳಕಾದರೆ ಅದು ಇಳಿಯುತ್ತದೆ. ಬೆಳಗಿನ ನಾಲ್ಕರ ಜಾವದ ಸುಮಾರಿಗೆ ಮೈಯ ಬಿಸಿ ತೀರ ತಗ್ಗಿರುತ್ತದೆ. ಕೆಲಸದಲ್ಲಿ ಕೈ ತಪ್ಪುವುದು, ದಾರಿಯಲ್ಲಿ ಬೈಕು ಪಕ್ಕಕ್ಕೆ ವಾಲುವುದು ಆ ಹೊತ್ತಿಗೇ ಹೆಚ್ಚು. ಈ ಗಡಿಯಾರ ಜೀವಕಣದೊಳಗೆ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣದ ಮೇಲೆ ಪ್ರಯೋಗ ಮಾಡಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಆದ್ದರಿಂದ ಇದು ಚಿಂತೆಯ ಮಾತಲ್ಲ, ಸೋಮಾರಿತನದ ಮಾತೂ ಅಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರಬಹುದಾದ ಕಾರಣಗಳ ಸಾಲಿಗೆ ಸೇರಿಸಿದೆ.

ಮಾಡಬೇಕಾದ್ದು

ಬಸ್ಸಿನಲ್ಲಿ ಬರುವವರು ಎಳೆಬಿಸಿಲು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಿಕೊಳ್ಳಲಿ. ತೂಕಡಿಕೆ ಇದ್ದರೆ ಬೈಕು ಹತ್ತುವುದೇ ಬೇಡ. ಅಲ್ಲೇ ಇಪ್ಪತ್ತು ನಿಮಿಷ ಕುನುಕು ತೆಗೆದು ಹೊರಡಲಿ.

ಮನೆಗೆ ಬಂದು ಸ್ವಲ್ಪ ತಿಂದು ಬೇಗ ಮಲಗಬೇಕು. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಫ್ಯಾನು ಹಾಕಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಬೇಕು. ಒಂದೇ ಸಲಕ್ಕೆ ಏಳು ಗಂಟೆ ನಿದ್ದೆ ಬರದಿದ್ದರೆ, ಕೆಲಸಕ್ಕೆ ಹೊರಡುವ ಮುಂಚೆ ಇನ್ನೊಂದು ಒಂದೂವರೆ ಗಂಟೆ ಮಲಗಿ ತುಂಬಿಸಿಕೊಳ್ಳಬಹುದು.

ಕಾಫಿ, ಟೀ ಶಿಫ್ಟಿನ ಮೊದಲ ಅರ್ಧದಲ್ಲಿ ಮಾತ್ರ ಇರಲಿ. ಕುಡಿದ ಐದು ಗಂಟೆಯ ಮೇಲೂ ಅದರ ಅರ್ಧ ಅಂಶ ಮೈಯಲ್ಲಿ ಉಳಿದಿರುತ್ತದೆ. ನಡುರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡರೆ ಅರಗೋದಿಲ್ಲ, ಹಗುರವಾಗಿ ತಿನ್ನಿ. ‘ಒಂದು ಕ್ವಾರ್ಟರ್ ಹಾಕಿದರೆ ನಿದ್ದೆ ಬರುತ್ತೆ’ ಅನ್ನುವವರುಂಟು. ಬರುತ್ತೆ ನಿಜ, ಆದರೆ ನಡುವೆ ಮುರಿದು ಹೋಗುತ್ತೆ. ನಿದ್ದೆ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ತರಬಾರದು. ತಿಂಗಳುಗಟ್ಟಲೆ ನಿದ್ದೆ ಸರಿಯಾಗದಿದ್ದರೆ, ಸಕ್ಕರೆ ಇಲ್ಲವೆ ಬಿಪಿ ಮಾತ್ರೆ ನುಂಗುವವರಾಗಿದ್ದರೆ, ‘ನಾನು ರಾತ್ರಿ ಕೆಲಸದವನು’ ಅಂತ ಡಾಕ್ಟರಿಗೆ ಹೇಳಿ ಕೇಳಬೇಕು. ಮಾತ್ರೆಯ ಹೊತ್ತು ಬದಲಾಗಬೇಕಾಗಬಹುದು.

ಶಿಫ್ಟು ಬದಲಿಸುವಾಗ ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮವಿದ್ದರೆ ಮೈ ಬೇಗ ಒಗ್ಗುತ್ತದೆ. ತಿರುಗುಮುರುಗಾದರೆ ಕಷ್ಟ. ಹುಡುಗರು ನಾಲ್ಕು ಜನ ಸೇರಿ ಸೂಪರ್‌ವೈಜರನ್ನು ಇದನ್ನು ಕೇಳಬಹುದು. ಕೇಳಿದರೆ ತಪ್ಪೇನಿಲ್ಲ.

ಮನೆಯವರ ಪಾಲು

ಇದೆಲ್ಲ ನಡೆಯಬೇಕಾದರೆ ಮನೆಯವರು ಕೈ ಜೋಡಿಸಬೇಕು. ನಮ್ಮೂರಲ್ಲಿ ಆಗೋದೇನು? ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದ ಮಗನನ್ನು ಹತ್ತಕ್ಕೆ ಎಬ್ಬಿಸುತ್ತಾರೆ. ‘ಏಳೋ, ಮೋಟರ್ ಹಾಕ್ಬಾ’, ‘ಮಾವ ಬಂದವ್ರೆ, ಮಾತಾಡ್ಸು’. ಬೀದಿಯವರು ಬೇರೆ, ‘ಏನಕ್ಕ, ನಿನ್ ಮಗ ಹೊತ್ತು ನೆತ್ತಿಗೆ ಬಂದ್ರೂ ಬಿದ್ಕೊಂಡವ್ನೆ’ ಅಂತಾರೆ. ರಾತ್ರಿ ಪಾಳಿಗೆ ಹೋಗುವ ಹೆಣ್ಣುಮಗಳಿಗಂತೂ ಮನೆಗೆ ಬಂದ ಮೇಲೂ ಪಾತ್ರೆ, ಬಟ್ಟೆ, ಮಕ್ಕಳು. ಮಲಗಲು ಅವಳಿಗೆ ಹೊತ್ತೇ ಸಿಗೋದಿಲ್ಲ.

ರೇಷ್ಮೆ ಸಾಕುವ ನಮಗೆ ಈ ಪಾಠ ಹೊಸದೇನಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕೋದಿಲ್ಲ, ಹಾಸಿಗೆ ಕದಲಿಸೋದಿಲ್ಲ. ನಾಲ್ಕು ಜ್ವರವೂ ನೆಟ್ಟಗೆ ಮುಗಿದರೇ ಒಳ್ಳೆ ಗೂಡು ಅಂತ ಎಲ್ಲರಿಗೂ ಗೊತ್ತು. ಹುಳುವಿಗೆ ಕೊಡುವ ಆ ಮರ್ಯಾದೆಯನ್ನು ಹೆತ್ತ ಮಕ್ಕಳಿಗೆ ಕೊಡಬಾರದೆ?

ತೆಲುಗು ಹೆಣ್ಣುಮಕ್ಕಳು ಹಾಡುವ ಊರ್ಮಿಳೆಯ ನಿದ್ದೆಯ ಕಥೆ ಗಡಿಯ ಈ ಕಡೆಯವರಿಗೂ ಗೊತ್ತು. ಕಾಡಿನಲ್ಲಿ ಲಕ್ಷ್ಮಣ ಹದಿನಾಲ್ಕು ವರ್ಷ ಎಚ್ಚರವಿದ್ದ, ಅವನ ಪಾಲಿನ ನಿದ್ದೆಯನ್ನು ಊರ್ಮಿಳೆ ಅರಮನೆಯಲ್ಲಿ ಮಲಗಿ ತೀರಿಸಿದಳು ಅಂತಾರೆ. ನಮ್ಮ ಮಕ್ಕಳ ಬದಲಿಗೆ ಮಲಗುವವರು ಯಾರೂ ಇಲ್ಲ. ಅವರ ನಿದ್ದೆ ಅವರೇ ಮಾಡಬೇಕು. ಹಗಲು ಬಾಗಿಲು ಮುಂದೆ ಮಾಡಿ, ಟಿವಿ ಸದ್ದು ತಗ್ಗಿಸಿ, ಬಂದ ನೆಂಟರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಡುವಷ್ಟನ್ನು ನಾವು ಮಾಡಬಹುದು.