ದಿಮ್ಮಿಯ ಮನೆಯನ್ನು ಕೊಳ್ಳುವ ಮುನ್ನ
ಪ್ರಶ್ನೆ: ಫಿನ್‌ಲೆಂಡಿನಲ್ಲಿರುವ ಮಗ ಮರದ ದಿಮ್ಮಿಗಳ ಮನೆಯನ್ನು ಕೊಳ್ಳಲಿದ್ದಾನೆ. ಏನನ್ನು ಪರೀಕ್ಷಿಸಬೇಕು?

ಉತ್ತರ: ಮರವು ಒಣಗುವಾಗ ಉದ್ದಕ್ಕೆ ಅತ್ಯಲ್ಪವಾಗಿಯೂ ಅಡ್ಡಕ್ಕೆ ಗಣನೀಯವಾಗಿಯೂ ಸಂಕೋಚಗೊಳ್ಳುವುದರಿಂದ, ಒಂದರ ಮೇಲೊಂದು ಪೇರಿಸಿದ ಹಸಿ ದಿಮ್ಮಿಗಳ 3 ಮೀಟರ್ ಎತ್ತರದ ಗೋಡೆಯು ಕೆಲವೇ ವರ್ಷಗಳಲ್ಲಿ 10 ಸೆಂಟಿಮೀಟರಿಗೂ ಮಿಗಿಲಾಗಿ ತಗ್ಗಬಹುದು, ಆದಕಾರಣ ಮನೆ ಹೊಸತಾದರೆ, ಬಾಗಿಲು ಕಿಟಕಿಗಳ ಚೌಕಟ್ಟಿನ ಮೇಲೆ ತೆರಪು ಬಿಟ್ಟಿರುವರೆ, ನೆಟ್ಟಗೆ ನಿಂತ ಕಂಬಗಳನ್ನು ತಗ್ಗಿಸಲು ತಿರುಪುಗಳಿವೆಯೆ ಎಂಬುದನ್ನೇ ಮೊದಲು ನೋಡತಕ್ಕದ್ದು. ಹಳೆಯ ಮನೆಯಲ್ಲಿ ಈ ಇಳಿತವೆಲ್ಲ ಎಂದೋ ಮುಗಿದಿರುತ್ತದೆ. ಹೊರಮೈಯ ಬಿರುಕುಗಳನ್ನು ಕಂಡು ಗಾಬರಿಪಡುವವರುಂಟು. ಮೇಲ್ಮುಖವಾಗಿ ತೆರೆದು ಮಳೆನೀರನ್ನು ಹಿಡಿಯುವಂಥವನ್ನು ಬಿಟ್ಟರೆ ಅವು ಬಹುಮಟ್ಟಿಗೆ ನಿರಪಾಯಕರ. ನಿಜವಾದ ಶತ್ರು ತೇವ: ಮರದ ತೇವಾಂಶವು ಶೇಕಡ 20ರೊಳಗಿದ್ದರೆ ಕೊಳೆಸುವ ಶಿಲೀಂಧ್ರವು ತಲೆಯೆತ್ತದು. ತಳದ ದಿಮ್ಮಿಯನ್ನು, ವಿಶೇಷವಾಗಿ ಮೂಲೆಗಳಲ್ಲಿ, ಚೂರಿಯ ಮೊನೆಯಿಂದ ಚುಚ್ಚಿ ನೋಡಲಿ. ಮಾರುವವನು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.